ಗೋಡೆಯ ಬಿರುಕು

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದ ಹಿರಿಯರು, ಕಟ್ಟಿದ ಮನೆಯನ್ನು ಸ್ವಂತ ಕೈಯಿಂದ ದುರಸ್ತಿ ಮಾಡಿ ನೋಡೆಂದು ಹೇಳಲಿಲ್ಲ. ಹೇಳಿದ್ದರೆ ನಾನು ತುಸು ಎಚ್ಚರದಿಂದ ಇರುತ್ತಿದ್ದೆನೇನೋ.

ಹಳೇ ಹುಬ್ಬಳ್ಳಿಯ ನಮ್ಮ ಮನೆ ಅಜ್ಜ ಕಟ್ಟಿಸಿದ್ದು; ಮಣ್ಣಿನ ಗೋಡೆ, ಮೇಲೆ ಮಂಗಳೂರು ಹಂಚು. ತಾಯಿಯವರು ಮಲಗುವ ಕೋಣೆಯಲ್ಲಿ ಒಂದು ಬೇಸಿಗೆ ಬಿರುಕು ಕಾಣಿಸಿತು. ಕರಣೆ, ಸಿಮೆಂಟು ಕೊಂಡುತಂದು ನಾನೇ ಮುಚ್ಚಿ ಬೀಗಿದೆ. ಮರುವರ್ಷ ಅದರ ಪಕ್ಕದಲ್ಲಿಯೇ ಗೋಡೆ ಬಾಯಿಬಿಟ್ಟಿತು. ಸಿಮೆಂಟು ಹಳೆಯ ಗಿಲಾವನ್ನೂ ಕಿತ್ತುಕೊಂಡು ಹಲಗೆಯಂತೆ ಕಳಚಿ ಬಿದ್ದಿತು. ಮನೆ ಕೆಡವಿಬಿಡೋಣವೆಂದು ತಮ್ಮ ಹೇಳತೊಡಗಿದ. ತಾಯಿ ಮಾತಾಡಲಿಲ್ಲ, ಹಾಸಿಗೆಯನ್ನು ಪಡಸಾಲೆಗೆ ಸಾಗಿಸಿದ ರಾತ್ರಿ ಅವರಿಗೆ ನಿದ್ದೆಯೂ ಬರಲಿಲ್ಲ.

ಕಡೆಗೆ ನೆರೆಯ ಓಣಿಯ ವೃದ್ಧ ಗೌಂಡಿಯನ್ನು ಕರೆತಂದೆ. ಗೋಡೆಯ ಮೇಲೆ ಕೈಯಾಡಿಸಿ, "ಗಾಯಕ್ಕ ಪಟ್ಟಿ ಕಟ್ಟೀರಿ, ಮುಳ್ಳು ಒಳಗ ಐತಲ್ರೀ" ಎಂದರು.

ಆ ಮುಳ್ಳು ನೆಲದಲ್ಲಿತ್ತು. ಧಾರವಾಡದ ಪಶ್ಚಿಮಕ್ಕೆ ಕೆಮ್ಮಣ್ಣಾದರೆ, ಹುಬ್ಬಳ್ಳಿಯಿಂದ ನವಲಗುಂದದ ಕಡೆಗೆ ಎರೆಮಣ್ಣು. ಎರೆ ನೀರುಂಡರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮೇಲಿನ ಮನೆಯೂ ಅದರೊಡನೆ ಏರಿಳಿಯುತ್ತದೆ. ಗೌಂಡಿಯ ಸೂಚನೆಯಂತೆ ಗಾಜಿನ ಪಟ್ಟಿಯೊಂದನ್ನು ಬಿರುಕಿಗೆ ಅಡ್ಡಲಾಗಿಟ್ಟು, ಎರಡೂ ತುದಿಗಳನ್ನು ಗಾರೆಯಿಂದ ಅಂಟಿಸಿ ತಾರೀಖು ಬರೆದೆ. 3 ವಾರಗಳಲ್ಲಿ ಗಾಜು ಸೀಳಿತು. ಬಿರುಕಿಗೆ ಇನ್ನೂ ಜೀವವಿತ್ತು. ಹುಡುಕಿದಾಗ ಬಚ್ಚಲಿನ ಒಡಕು ಮೋರಿಯ ನೀರು ಬುನಾದಿಯ ಒಂದೇ ಮೂಲೆಗೆ ಇಳಿಯುತ್ತಿತ್ತು. ಒಂದು ಮೂಲೆ ಉಬ್ಬಿ, ಉಳಿದದ್ದು ಒಣಗಿದರೆ ಗೋಡೆ ಸೀಳದೆ ಏನು ಮಾಡೀತು?

ಮೋರಿ ಸರಿಪಡಿಸಿದೆ, ಮಳೆನೀರು ಹೊರಕ್ಕೆ ಹರಿಯುವಂತೆ ಗೋಡೆಯ ಬುಡಕ್ಕೆ ಇಳಿಜಾರಾಗಿ ಕಲ್ಲು ಹಾಸಿದೆ. ಒಂದು ಮಳೆಗಾಲ, ಒಂದು ಬೇಸಿಗೆ ಕಾದೆ. ಎರಡನೆಯ ಗಾಜು ಸೀಳಲಿಲ್ಲ. ಆಮೇಲೆಯೇ ಕರಣೆ ಹಿಡಿದದ್ದು.

ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಹಕ್ಕುಪತ್ರ ಪಡೆದ. ಅದು ಬಲಶಾಲಿ, ಸಂದೇಹವಿಲ್ಲ. ಆದರೆ ಮೆತ್ತನೆಯ ಮಣ್ಣುಗೋಡೆಗೆ ಅದು ಒರಟು ನೆಂಟ. ಗೋಡೆಯೊಳಗಿನ ತೇವ ಹೊರಬೀಳಲು ಬಿಡದು. ಸಡಿಲ ಮಣ್ಣನ್ನು ಕೆರೆದು, ಅಂಚನ್ನು ನೀರಿನಿಂದ ತೋಯಿಸಿ, ಹೊಟ್ಟು ಬೆರೆಸಿ ಕೆಲದಿನ ಕೊಳೆಸಿದ ಕೆಮ್ಮಣ್ಣನ್ನು ತೆಳುವಾಗಿ, ಪದರ ಪದರವಾಗಿ ತುಂಬಿದೆ. ಅದು ಒಣಗಿದ ಮೇಲೆ ಸುಣ್ಣ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ, ಅವಸರ ಸಲ್ಲದು. ಅರಳುವಾಗ ಸಿಡಿದು ಕಣ್ಣು ಸುಟ್ಟೀತು, ದೂರವಿರುವುದು ಕ್ಷೇಮ.

ಎಲ್ಲ ಬಿರುಕೂ ನಮ್ಮ ಕೈಯವಲ್ಲ. ತೂಕದ ಗುಂಡು ಇಳಿಬಿಟ್ಟಾಗ ಗೋಡೆ ವಾಲಿದ್ದು ಕಂಡರೆ, ಬಿರುಕು ದಿನೇ ದಿನೇ ಅಗಲವಾಗುತ್ತಿದ್ದರೆ, ಕರಣೆ ಕೆಳಗಿಟ್ಟು ಬಲ್ಲ ಇಂಜಿನಿಯರನ್ನು ಕರೆಯಬೇಕು.

ತಾಯಿ ಮತ್ತೆ ಆ ಕೋಣೆಗೇ ಮರಳಿದರು. ನನ್ನ ತೇಪೆ ಇಂದಿಗೂ ನುಣುಪಾಗಿಲ್ಲ. ಪಕ್ಕದಲ್ಲಿ ಗಾಜಿನ ಪಟ್ಟಿ ಹಾಗೆಯೇ ಇದೆ. ತಾಯಿ ಹಬ್ಬಕ್ಕೆ ಮನೆ ಸಾರಿಸುವಾಗ ಅದರ ಧೂಳನ್ನೂ ಒರೆಸುತ್ತಾರೆ.