ರಾಕ್ಷಸಿಗೆ ಅಮೆರಿಕದ ವೀಸಾ ಸಿಗುತ್ತಾ?

ಇವತ್ತು ರಾಜಕೀಯಕ್ಕೆ ಒಂದು ದಿನ ರಜೆ. ಇವತ್ತಿನ ಮಾತು ಕಾರ್ಟೂನ್ ಬಗ್ಗೆ. ಮಕ್ಕಳನ್ನ ಕೂರಿಸಿ ನೀವು ಎದ್ದು ಹೋಗಬೇಡಿ. ನೋಡುಗರಿಗೆ ಎಷ್ಟು ಬುದ್ಧಿ ಇದೆ ಅಂತ ಟಿವಿ ನಡೆಸೋರು ಲೆಕ್ಕ ಹಾಕ್ತಾರಲ್ಲ, ಆ ಲೆಕ್ಕದ ಬಗ್ಗೆ ಮಾತಾಡೋದಿದೆ.

ಜಪಾನಿನಲ್ಲಿ 'ಉರುಸೇಯ್ ಯಾತ್ಸುರಾ' ಅಂತ ಒಂದು ಅನಿಮೆ ಕಾಮಿಡಿ. 1981ರ ಅಕ್ಟೋಬರ್‌ನಲ್ಲಿ ಫ್ಯೂಜಿ ಟಿವಿಯಲ್ಲಿ ಶುರುವಾಯಿತು, 1986ರ ಮಾರ್ಚ್‌ವರೆಗೆ ನಡೆಯಿತು. ಒಟ್ಟು 195 ಕಂತು. ಮೂಲ ಚಿತ್ರಕಥೆ ರುಮಿಕೊ ತಕಹಾಶಿ ಅನ್ನೋ ಹೆಣ್ಣುಮಗಳದ್ದು. 1978ರಲ್ಲಿ 'ಶೋನೆನ್ ಸಂಡೇ' ಎಂಬ ಹುಡುಗರ ವಾರಪತ್ರಿಕೆಯಲ್ಲಿ ಆಕೆ ಇದನ್ನು ಆರಂಭಿಸಿದಾಗ ವಯಸ್ಸು ಇಪ್ಪತ್ತು. 2019ರಲ್ಲಿ ಫ್ರಾನ್ಸಿನ ಅಂಗುಲೇಮ್ ಉತ್ಸವದ ಅತ್ಯುನ್ನತ ಪ್ರಶಸ್ತಿ ಆಕೆಗೇ ಬಂತು. ಜಪಾನಿನಲ್ಲಿ ಈ ಕಥೆಯ ನಾಯಕಿಯ ಚಿತ್ರ ತೋರಿಸಿದರೆ ಅಜ್ಜಿಯೂ ಗುರುತು ಹಿಡೀತಾರೆ. ಅಮೆರಿಕದಲ್ಲಿ 'ಡ್ರ್ಯಾಗನ್ ಬಾಲ್', 'ನರುಟೊ' ಗೊತ್ತಿರುವ ಮನೆಗಳಲ್ಲೂ ಇದು ಗೊತ್ತಿಲ್ಲ. ಅನಿಮೆ ಹುಚ್ಚು ಹಿಡಿದವರು ಮಾತ್ರ, ಇದು ನಮ್ಮ ಟಿವಿಯಲ್ಲಿ ಯಾಕೆ ಓಡಲಿಲ್ಲ, ಹಾಕಿದ್ದರೆ ಓಡುತ್ತಿತ್ತಾ ಅಂತ ವಾದ ಮಾಡ್ತಾ ಬಂದಿದ್ದಾರೆ. ಓಡುತ್ತಿತ್ತು ಅನ್ನೋದು ನನ್ನ ಉತ್ತರ. ಆದರೆ ಅಲ್ಲಿನ ಚಾನೆಲ್‌ಗಳು ಬಯಸಿದ ರೀತಿಯಲ್ಲಿ ಅಲ್ಲ.

ಕಥೆ ಇಷ್ಟು. ಅನ್ಯಗ್ರಹದಿಂದ 'ಓನಿ'ಗಳು ಭೂಮಿ ಹಿಡಿಯೋಕೆ ಬರ್ತಾರೆ. ಓನಿ ಅಂದರೆ ಜಪಾನಿನ ರಾಕ್ಷಸ. ಕೊಂಬು, ಕೋರೆಹಲ್ಲು, ಹುಲಿಚರ್ಮ. ಯಕ್ಷಗಾನದ ಬಣ್ಣದ ವೇಷ ನೋಡಿದವರಿಗೆ ಹೆಚ್ಚು ವಿವರಣೆ ಬೇಡ. ಯುದ್ಧ ಬೇಡ, ಒಂದು ಪಂದ್ಯ ಆಡೋಣ ಅಂತಾರೆ. ಭೂಮಿಯ ಪರವಾಗಿ ಕಂಪ್ಯೂಟರ್ ಆರಿಸೋದು ಅತಾರು ಮೊರೊಬೋಶಿ ಅನ್ನೋ ಹೈಸ್ಕೂಲ್ ಹುಡುಗನನ್ನ. ಶುದ್ಧ ನಿಷ್ಪ್ರಯೋಜಕ, ಯಾವ ಹುಡುಗಿ ಕಂಡರೂ ಹಲ್ಲು ಗಿಂಜೋ ಆಸಾಮಿ. ಹತ್ತು ದಿನದೊಳಗೆ ರಾಕ್ಷಸರ ಮಗಳು ಲಮ್‌ಳ ಕೊಂಬು ಹಿಡಿಯಬೇಕು. ಅವಳೋ ಆಕಾಶದಲ್ಲಿ ಹಾರುತ್ತಾಳೆ. ಗೆದ್ದರೆ ನಿನ್ನನ್ನೇ ಮದುವೆ ಆಗ್ತೀನಿ ಅಂತ ಗೆಳತಿ ಶಿನೋಬು ಆಸೆ ತೋರಿಸುತ್ತಾಳೆ. ಕೊನೇ ದಿನ ಹೇಗೋ ಮೋಸ ಮಾಡಿ ಕೊಂಬು ಹಿಡಿದ ಅತಾರು, ಇನ್ನು ಮದುವೆ ಆಗಬಹುದು ಅಂತ ಕೂಗಿಕೊಳ್ತಾನೆ. ತನಗೇ ಹೇಳಿದ ಅಂದುಕೊಂಡ ಲಮ್ ಅವನ ಮನೆಯಲ್ಲೇ ಠಿಕಾಣಿ ಹೂಡುತ್ತಾಳೆ. ಭೀಮನಿಗೆ ಮನಸೋತ ಹಿಡಿಂಬೆ ನಮಗೆ ಹೊಸಬಳಲ್ಲ. ಇಲ್ಲಿ ಹಿಡಿಂಬೆ ಇದ್ದಾಳೆ, ಭೀಮ ಮಾತ್ರ ನಾಪತ್ತೆ.

ಈಗ ಎಂಜಿನಿಯರಿಂಗ್ ಓದಿದವನ ಒಂದು ಮಾತು. ಆ ಕಾಲದಲ್ಲಿ ಜಪಾನ್, ಅಮೆರಿಕ ಎರಡೂ ಕಡೆ ಟಿವಿಗೆ ಎನ್‌ಟಿಎಸ್‌ಸಿ ಪದ್ಧತಿ. ನಮ್ಮ ದೂರದರ್ಶನದ್ದು ಪಾಲ್. ಅಂದರೆ ಟೋಕಿಯೊದ ಟೇಪನ್ನು ನ್ಯೂಯಾರ್ಕಿನಲ್ಲಿ ಹಾಕಿದರೆ ಹಾಗೇ ಓಡುತ್ತೆ. ಚಿತ್ರ ದಾಟಿತು, ಬಣ್ಣ ದಾಟಿತು, ಶಬ್ದ ದಾಟಿತು. ನಗೆ ದಾಟಲಿಲ್ಲ.

ಯಾಕೆ? ಆ ಪಂದ್ಯವನ್ನೇ ನೋಡಿ. ಅವರು ಆಡೋದು ನಮ್ಮ ಮಕ್ಕಳ ಮುಟ್ಟಾಟ. ಜಪಾನೀ ಭಾಷೆಯಲ್ಲಿ ಅದರ ಹೆಸರು 'ಓನಿಗೊಕ್ಕೊ', ರಾಕ್ಷಸನ ಆಟ. ಮುಟ್ಟೋಕೆ ಬೆನ್ನಟ್ಟೋನೇ ಓನಿ. ಈ ಕಥೆಯಲ್ಲಿ ನಿಜವಾದ ಓನಿ ತಪ್ಪಿಸಿಕೊಂಡು ಓಡ್ತಾಳೆ, ಮನುಷ್ಯ ಆಟದ ಓನಿಯಾಗಿ ಹಿಂದೆ ಬೀಳ್ತಾನೆ. ಪಂದ್ಯದ ಹೆಸರು ಕೇಳಿದ ಕ್ಷಣವೇ ಜಪಾನಿನ ಮಗು ನಗುತ್ತೆ. ಇಂಗ್ಲಿಷಿನಲ್ಲಿ ಬೆನ್ನಟ್ಟೋನಿಗೆ ಏನಂತಾರೆ ಗೊತ್ತಲ್ಲ? 'ಇಟ್'. ಬರೀ 'ಅದು'. ಅಲ್ಲಿಗೆ ಜೋಕು ಸತ್ತಿತು. ಧಾರಾವಾಹಿಯ ಹೆಸರೇ ಇನ್ನೊಂದು ಪಜೀತಿ. ಉರುಸಾಯ್ ಅಂದರೆ ಗಲಾಟೆ, ಬಾಯ್ಮಾತಿನಲ್ಲಿ ಉರುಸೇಯ್. ಆ 'ಸೇಯ್' ಜಾಗದಲ್ಲಿ ನಕ್ಷತ್ರ ಅನ್ನೋ ಅಕ್ಷರ ಬರೆದಿದ್ದಾರೆ. ಗಲಾಟೆ ಮಂದಿ ಅಂತಲೂ ಆಯಿತು, ಉರು ಎಂಬ ನಕ್ಷತ್ರದಿಂದ ಬಂದವರು ಅಂತಲೂ ಆಯಿತು. ಯಾವ ಅನುವಾದಕ ತರ್ತಾನೆ ಸ್ವಾಮಿ ಇದನ್ನ?

ಹಾಗಂತ ಎಲ್ಲವೂ ಬಾಗಿಲು ಮುಚ್ಚಿದ ಕೋಣೆ ಅಲ್ಲ. ಅತಾರು ಹುಟ್ಟಿದ್ದು 13ನೇ ತಾರೀಖು ಶುಕ್ರವಾರ. ಅಮೆರಿಕದವನಿಗೆ ತಕ್ಷಣ ಗೊತ್ತಾಗುತ್ತೆ, ಅವನೂರಿನ ಅಪಶಕುನ ಅದು. ಅವತ್ತೇ ಜಪಾನೀ ಪಂಚಾಂಗದ ಅತಿ ಕೆಟ್ಟ ದಿನ 'ಬುತ್ಸುಮೆತ್ಸು' ಕೂಡ. ಇದು ಅವನಿಗೆ ಗೊತ್ತಾಗಲ್ಲ. ಅರ್ಧ ಜೋಕು ಸಿಕ್ಕಿತು, ಅರ್ಧ ಉಳಿಯಿತು. ಅರ್ಧ ಸಿಕ್ಕಿದರೂ ನಗಬಹುದು. ರಾಹುಕಾಲ ಅಂದರೇನು ಅಂತ ಸರಿಯಾಗಿ ಗೊತ್ತಿಲ್ಲದ ಹುಡುಗರೂ ರಾಹುಕಾಲದ ಜೋಕಿಗೆ ನಗಲ್ವಾ?

ಇನ್ನು ಕಥೆಯ ಚೌಕಟ್ಟು. ಸಾಧಾರಣ ಗಂಡಸಿನ ಮನೆಯಲ್ಲಿ ಮಾಯಾಶಕ್ತಿಯ ಹೆಣ್ಣು. ಇದು ಅಮೆರಿಕದ ಟಿವಿಗೆ ಹಳೇ ಸರಕು. 1964ರಲ್ಲಿ 'ಬಿವಿಚ್ಡ್', 1965ರಲ್ಲಿ 'ಐ ಡ್ರೀಮ್ ಆಫ್ ಜೀನಿ'. 'ಬಿವಿಚ್ಡ್' ಜಪಾನೀ ಭಾಷೆಗೆ ಡಬ್ ಆಗಿ ಅಲ್ಲಿ ಮನೆಮಾತಾಯಿತು, 'ಸ್ಯಾಲಿ ದಿ ವಿಚ್' ಅನ್ನೋ ಜಪಾನೀ ಕಾರ್ಟೂನಿಗೆ ಸ್ಫೂರ್ತಿಯೂ ಆಯಿತು. ಅಮೆರಿಕದ ಮಾಟಗಾತಿಯನ್ನ ಜಪಾನ್ ಮನೆಗೆ ಕರಕೊಂಡಿದೆ. ಜಪಾನಿನ ರಾಕ್ಷಸಿ ಬಂದಾಗ ಅಮೆರಿಕ ಬಾಗಿಲಲ್ಲೇ ನಿಲ್ಲಿಸಿ ತಪಾಸಣೆ ಮಾಡಿತು.

ಕಂತು ಸಾಲದು ಅನ್ನೋ ಸಬೂಬೂ ಇಲ್ಲ. 1980ರ ದಶಕದ ಅಮೆರಿಕದಲ್ಲಿ ಸ್ಥಳೀಯ ಸ್ಟೇಷನ್‌ಗಳಿಗೆ ಕಾರ್ಟೂನ್ ಮಾರಬೇಕಾದರೆ 65 ಕಂತು ಕೈಯಲ್ಲಿರಬೇಕು ಅನ್ನೋದು ಧಂಧೆಯ ಲೆಕ್ಕ. ವಾರಕ್ಕೆ ಐದು, ಹದಿಮೂರು ವಾರ. 1985ರ 'ರೊಬೊಟೆಕ್' ಹುಟ್ಟಿದ್ದೇ ಹಾಗೆ. 'ಮ್ಯಾಕ್ರಾಸ್'ನ 36 ಕಂತು ಸಾಲಲಿಲ್ಲ. ಸಂಬಂಧವೇ ಇಲ್ಲದ ಇನ್ನೆರಡು ಧಾರಾವಾಹಿಗಳನ್ನು ಅದಕ್ಕೆ ಹೊಲಿದು 85 ಮಾಡಿದರು. ನಮ್ಮ ರಾಕ್ಷಸಿ ಬಳಿ 195 ಇತ್ತು. 65ರ ಮೂರರಷ್ಟು, ಒಂದೂ ಹೆಚ್ಚಿಲ್ಲ, ಕಡಿಮೆ ಇಲ್ಲ! ಆದರೂ ಅವಳಿಗೆ ಆ ಬಾಗಿಲು ತೆರೆಯಲಿಲ್ಲ. ಕಾರ್ಟೂನ್ ಅಂದರೆ ಮಕ್ಕಳಿಗೆ, ಮಕ್ಕಳಿಗೆ ಅಂದರೆ ಬೆಳಗ್ಗೆ ಇಲ್ಲವೇ ಸಂಜೆ ನಾಲ್ಕಕ್ಕೆ, ಆ ಹೊತ್ತಿನ ಜಾಹೀರಾತುದಾರರು ಅಂದರೆ ಆಟಿಕೆ ಮತ್ತು ಸಿಹಿ ಸೀರಿಯಲ್ ಮಾರೋರು. ಹುಲಿಚರ್ಮದ ತುಂಡುಬಟ್ಟೆ ತೊಟ್ಟ ನಾಯಕಿ, ಕಂಡಕಂಡವರ ಹಿಂದೆ ಬೀಳೋ ನಾಯಕ. ಯಾರು ದುಡ್ಡು ಹಾಕ್ತಾರೆ?

ಹಾಕಿದ್ದರೂ ಕತ್ತರಿ ಗ್ಯಾರಂಟಿ. 1995ರಲ್ಲಿ ಅಮೆರಿಕಕ್ಕೆ ಬಂದ 'ಸೈಲರ್ ಮೂನ್'ನಲ್ಲಿ ಉಸಾಗಿ ಹೋಗಿ ಸೆರೀನಾ ಆದಳು. 'ಪೋಕೆಮಾನ್'ನಲ್ಲಿ ಕೈಯಲ್ಲಿ ಅನ್ನದ ಉಂಡೆ ಹಿಡಕೊಂಡು ಜೆಲ್ಲಿ ಡೋನಟ್ ಅಂದರು. ಬಿಳೀ ಅನ್ನ ಕಣ್ಣಿಗೆ ಕಾಣ್ತಿದೆ, ಕಿವಿಗೆ ಡೋನಟ್! ಸಾಹಸ ಕಥೆ ಈ ಪೆಟ್ಟು ತಡಕೊಳ್ಳುತ್ತೆ, ಹೆಸರು ಏನಾದರೂ ಗುದ್ದು ಗುದ್ದೇ. ಕಾಮಿಡಿ ತಡಕೊಳ್ಳಲ್ಲ. 2006ರಲ್ಲಿ 'ಶಿನ್ ಚಾನ್'ಗೆ ಅಮೆರಿಕದ ಅಡಲ್ಟ್ ಸ್ವಿಮ್‌ನಲ್ಲಿ ಇನ್ನೊಂದು ದಾರಿ ಹಿಡಿದರು. ಚಿತ್ರ ಜಪಾನಿನದ್ದು, ಸಂಭಾಷಣೆ ಪೂರ್ತಿ ಹೊಸದು, ಅಮೆರಿಕದ ಪೋಲಿ ಜೋಕುಗಳು. ಜನ ನಕ್ಕರು. ಅದು ಮೂಲದ ನಗೆ ಅಲ್ಲ, ಅದರ ಮೇಲೆ ಅಂಟಿಸಿದ ನಗೆ. ಡಬ್ಬಿಂಗ್ ಬೇಕೋ ಬೇಡವೋ ಅಂತ ನಾವೂ ದಶಕಗಟ್ಟಲೆ ಜಗಳ ಆಡಿದೋರು, 2015ರಲ್ಲಿ ಸ್ಪರ್ಧಾ ಆಯೋಗದ ಆದೇಶ ಬರೋವರೆಗೆ ಎಳೆದಾಡಿದೋರು. ಆ ಜಗಳ ಕಲಾವಿದರ ಅನ್ನದ್ದು, ಭಾಷೆಯದ್ದು. ನಗೆಯನ್ನ ಡಬ್ ಮಾಡೋಕೆ ಬರುತ್ತಾ ಅನ್ನೋದು ಬೇರೆ ಪ್ರಶ್ನೆ.

ಅದಕ್ಕೆ ಒಂದು ಸಣ್ಣ ಕಂಪನಿ ಉತ್ತರ ಹುಡುಕಿತು. ಅನಿಮೇಗೋ ಅಂತ. 1990ರ ದಶಕದ ಆರಂಭದಲ್ಲಿ ಈ ಧಾರಾವಾಹಿಯ ಕ್ಯಾಸೆಟ್ ತಂದರು. ಮೂಲ ಧ್ವನಿ ಹಾಗೇ ಬಿಟ್ಟು ಇಂಗ್ಲಿಷ್ ಸಬ್‌ಟೈಟಲ್ ಹಾಕಿದರು, ಜೊತೆಗೆ ಜೋಕುಗಳ ಅರ್ಥ ಬರೆದ ಟಿಪ್ಪಣಿ ಇಟ್ಟರು. ಜೋಕಿಗೆ ಗೈಡ್! ಕೇಳೋಕೆ ತಮಾಷೆ, ಆದರೆ ಅದನ್ನ ದುಡ್ಡು ಕೊಟ್ಟು ಕೊಂಡರು, ಓದಿದರು, ರೀವೈಂಡ್ ಮಾಡಿ ಮತ್ತೆ ನೋಡಿದರು. 1990ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಕೆಟಿಇಎಚ್ ಅನ್ನೋ ಸಾರ್ವಜನಿಕ ಟಿವಿ ಸ್ಟೇಷನ್ ಇದನ್ನ ಪ್ರಸಾರವೂ ಮಾಡಿತು. ವೈಟುಕೆ ಕಾಲದಲ್ಲಿ ನಮ್ಮ ಕನ್ನಡದ ಹುಡುಗರು ಕೋಡ್ ಬರೆಯೋಕೆ ಹೋಗಿ ಇಳಿದದ್ದು ಆ ಸೀಮೆಯಲ್ಲೇ. ಆ ಸ್ಟೇಷನ್ ನಡೆಯುತ್ತಿದ್ದುದು ನೋಡುಗರ ಚಂದಾದ ನೆರವಿನಿಂದ. ಆಟಿಕೆ ಕಂಪನಿಯ ಮುಲಾಜಿಲ್ಲದ ಕಡೆ ರಾಕ್ಷಸಿಗೆ ವೀಸಾ ಸಿಕ್ಕಿತು. ಅಮೆರಿಕದವರಿಗೆ ಅರ್ಥ ಆಗಲ್ಲ ಅಂತ ಯಾರು ಹೇಳಿದ್ದು ಹಾಗಾದರೆ? ಇಟಲಿಯಲ್ಲಿ 'ಲಮೂ' ಅನ್ನೋ ಹೆಸರಿನಲ್ಲಿ 1980ರ ದಶಕದಲ್ಲೇ ಇದು ಮನೆಮನೆಗೆ ಬಂದಿತ್ತು. ಇಟಲಿಯವರಿಗೇನು ಓನಿಗೊಕ್ಕೊ ಗೊತ್ತಿತ್ತಾ?

ಒಂದು ವಿಷಯ ಮುಚ್ಚಿಡಬಾರದು. ಅತಾರುವಿನ ಚಾಳಿ. ಹುಡುಗಿಯರ ಹಿಂದೆ ಬಿದ್ದು ಫೋನ್ ನಂಬರ್ ಕೇಳೋ ನಾಯಕನ ಬಗ್ಗೆ ಇವತ್ತು ಅಮೆರಿಕದಲ್ಲಿ ಮಾತ್ರವಲ್ಲ, ಎಲ್ಲಿಯಾದರೂ ಆಕ್ಷೇಪ ಬರುತ್ತೆ, ಬರಬೇಕು. ಆದರೆ ಅವನನ್ನ ಹೀರೋ ಮಾಡಿ ಮೆರೆಸಿಲ್ಲ ತಕಹಾಶಿ. ಪ್ರತಿ ಸಲ ಕಪಾಳಕ್ಕೆ ಬೀಳುತ್ತೆ, ಲಮ್‌ಳ ಕರೆಂಟ್ ಶಾಕ್ ಹೊಡೆಯುತ್ತೆ, ಇಡೀ ಊರು ನಗುತ್ತೆ. ಅವನೇ ಜೋಕು. ಹಾಗಿದ್ದೂ ಕೆಲವು ಕಂತು ಇವತ್ತು ನೋಡೋಕೆ ಮುಜುಗರ ಅನ್ನಿಸುತ್ತೆ, ಅದು ನಿಜ. 2022ರಲ್ಲಿ ಹೊಸದಾಗಿ ಮಾಡಿದ 46 ಕಂತಿನ ಆವೃತ್ತಿ ಅಮೆರಿಕದವರಿಗೆ ಸಿಕ್ಕಿದ್ದು ಹೈಡೈವ್ ಅನ್ನೋ ಸ್ಟ್ರೀಮಿಂಗ್ ಆ್ಯಪ್‌ನಲ್ಲಿ. ಹುಡುಕಿಕೊಂಡು ಬಂದವನಿಗೆ ಮಾತ್ರ ಅಲ್ಲಿ ದರ್ಶನ.

ನನಗೆ ಬಹಳ ಇಷ್ಟವಾದ ಪಾತ್ರ ಬೆಂತೆನ್. ನಮ್ಮ ಸರಸ್ವತಿಯೇ ಬೌದ್ಧಧರ್ಮದ ಜೊತೆ ಚೀನಾ ದಾಟಿ, ಜಪಾನಿಗೆ ಹೋಗಿ, ವೀಣೆಯ ಬದಲು 'ಬಿವಾ' ಹಿಡಿದು ಬೆಂಜೈತೆನ್ ಆದಳು. ಅಲ್ಲಿನ ಏಳು ಭಾಗ್ಯದೇವತೆಗಳಲ್ಲಿ ಒಬ್ಬಳು. ತಕಹಾಶಿ ಕಥೆಯಲ್ಲಿ ಅವಳು ಹಾರೋ ಮೋಟರ್‌ಬೈಕ್ ಏರಿ ಬರೋ ರೌಡಿ ಹುಡುಗಿ. ಸೆತ್ಸುಬುನ್ ಹಬ್ಬದಲ್ಲಿ ಜಪಾನೀಯರು ಹುರಿದ ಸೋಯಾ ಕಾಳು ಎಸೆದು ಓನಿಗಳನ್ನ ಮನೆಯಿಂದ ಓಡಿಸ್ತಾರೆ. ಇಲ್ಲಿ ಅದೇ ಹಬ್ಬಕ್ಕೆ ಬೆಂತೆನ್ ಕಡೆಯವರಿಗೂ ಲಮ್ ಕಡೆಯವರಿಗೂ ವರ್ಷಕ್ಕೊಮ್ಮೆ ಕಾಳಿನ ಮಹಾಯುದ್ಧ! ಈ ದೃಶ್ಯ ನೋಡಿ ಜಪಾನಿನವನು ತನ್ನ ಮನೆದೇವರನ್ನ ಚುಡಾಯಿಸಿದ ಸಲಿಗೆಗೆ ನಗುತ್ತಾನೆ. ಅಮೆರಿಕದವನಿಗೆ ಕಾಣೋದು ಬೈಕ್ ಮೇಲಿನ ಒಬ್ಬ ಹುಡುಗಿ ಮಾತ್ರ. ಬೆಂಗಳೂರಿನಲ್ಲಿ ಹಾಕಿದರೆ ರಾತ್ರಿ ಒಂಬತ್ತಕ್ಕೆ ಪರದೆ ಮೇಲೆ ಆರು ಕಿಟಕಿ ತೆರೆದು ಡಿಬೇಟ್. ಆ್ಯಂಕರ್ ಯಾರು ಅಂತ ಕೇಳಬೇಡಿ.

ಅಮೆರಿಕದ ಯಾವುದಾದರೂ ಚಾನೆಲ್ ಒಂದು ವಾರ ನನ್ನ ಕೈಗೆ ಕೊಟ್ಟರೆ ಹೀಗೆ ಮಾಡ್ತೀನಿ. ಫೆಬ್ರವರಿ ಮೊದಲ ವಾರ, ಸೆತ್ಸುಬುನ್ ಸಮಯ, ರಾತ್ರಿ ಹನ್ನೊಂದು ಗಂಟೆ. ಮೂಲ ಧ್ವನಿ, ಕೆಳಗೆ ಸಬ್‌ಟೈಟಲ್. ಮೊದಲ ದಿನ ಮುಟ್ಟಾಟ, ಎರಡನೇ ದಿನ ಕಾಳಿನ ಯುದ್ಧ. ಅರ್ಥ ಹೇಳೋದಾದರೆ ಕಂತು ಮುಗಿದ ಮೇಲೆ ಎರಡು ನಿಮಿಷ, ಮೊದಲಲ್ಲ. ಮಾರ್ಕೆಟಿಂಗ್‌ನವರು ಬಂದು, ಲಮ್ ಹೆಸರು ಲಿಂಡಾ ಅಂತ ಮಾಡೋಣ ಸಾರ್ ಅಂದರೆ, ಅವಳು ಕರೆಂಟ್ ಹೊಡೆಯೋ ಸೀನ್ ಒಂದನ್ನ ತೋರಿಸಿ ಕಳಿಸ್ತೀನಿ.