ಬೆಣ್ಣೆಹಣ್ಣಿನ ಗೊಜ್ಜು



ಗೊಜ್ಜು ಎಂಬ ಮಾತಿಗೆ ಕನ್ನಡ ನಾಡಿನಲ್ಲೆಲ್ಲ ಒಂದೇ ಅರ್ಥವಿಲ್ಲ. ಮೈಸೂರಿನ ಕಡೆಯವರಿಗೆ ಗೊಜ್ಜೆಂದರೆ ಹುಣಿಸೆಹುಳಿ, ಬೆಲ್ಲ, ಹುರಿದು ಪುಡಿಮಾಡಿದ ಮಸಾಲೆಗಳೊಡನೆ ಒಲೆಯ ಮೇಲೆ ಕುದಿದು ಗಟ್ಟಿಯಾದ ವ್ಯಂಜನ. ಪುತ್ತೂರು, ಸುಳ್ಯ, ಕಡಬದ ತೋಟದ ಮನೆಗಳಲ್ಲಿ ಆ ಹೆಸರು ಹೇಳಿದೊಡನೆ ನೆನಪಿಗೆ ಬರುವುದು ಕೈಯಿಂದ ಕಿವುಚಿದ್ದು. ಕಾಟುಮಾವಿನ ಹಣ್ಣಿನ ಸಿಪ್ಪೆ ಸುಲಿದು, ಉಪ್ಪಿನೊಡನೆ ಹಸಿಮೆಣಸನ್ನು ನುರಿದು, ಚೂರು ಬೆಲ್ಲ ಸೇರಿಸಿ, ಗೊರಟು ಸಹಿತ ಕಿವುಚಿ, ಮೇಲೊಂದು ಒಗ್ಗರಣೆ ಕೊಟ್ಟರೆ ಅದೇ ಗೊಜ್ಜು. ಸುಟ್ಟ ಬದನೆಯ ಗೊಜ್ಜಿನ ಬಗೆಯೂ ಇದೇ. ಅಲ್ಲಿ ಬೆಂಕಿಯ ಪಾಲು ಕಡಿಮೆ, ಬೆರಳುಗಳ ಪಾಲು ಹೆಚ್ಚು.

ಈ ಪೀಠಿಕೆಗೆ ಕಾರಣವಿದೆ. ಈಚೆಗೆ ನಗರದ ಹೋಟೆಲುಗಳ ತಿಂಡಿಪಟ್ಟಿಯಲ್ಲಿ ‘ಗ್ವಾಕಮೋಲೆ’ ಎಂಬ ಹೆಸರು ಕಾಣುತ್ತದೆ. ಕೆಲವೆಡೆ ಅದೇ ‘ಅವಕಾಡೊ ಡಿಪ್’. ಮೂವತ್ತು ವರ್ಷಗಳಿಗೂ ಮಿಗಿಲಾಗಿ ಕನ್ನಡ ಪಾಠ ಹೇಳಿದ ನನಗೆ ಹೊಸ ಪದಾರ್ಥ ಕಂಡರೆ ರುಚಿಗಿಂತ ಮೊದಲು ಅದರ ಹೆಸರನ್ನು ಬಿಡಿಸಿ ನೋಡುವ ಚಟ. ಇದು ಮೆಕ್ಸಿಕೋದ ಅಸ್ಟೆಕ್ ಜನರ ನಾವಾಟಲ್ ಭಾಷೆಯ ಮಾತು. ಮೂಲದಲ್ಲಿ ‘ಆವಕಾಮೊಲ್ಲಿ’. ‘ಆವಕಾತ್ಲ್’ ಎಂದರೆ ನಾವು ಬೆಣ್ಣೆಹಣ್ಣು ಎನ್ನುವ ಹಣ್ಣು. ‘ಮೊಲ್ಲಿ’ ಎಂದರೆ ಕಲಸಿ ತಿನ್ನುವ, ಅದ್ದಿ ತಿನ್ನುವ ವ್ಯಂಜನ. ಈ ಸಮಾಸವನ್ನು ಕನ್ನಡಕ್ಕೆ ತರಬೇಕಾದರೆ ‘ಬೆಣ್ಣೆಹಣ್ಣಿನ ಗೊಜ್ಜು’ ಎನ್ನುವುದಕ್ಕಿಂತ ಒಪ್ಪುವ ಮಾತು ನನಗೆ ಹೊಳೆಯುವುದಿಲ್ಲ. ಅವರು ಅದನ್ನು ಕಲ್ಲಿನ ಒರಳಿನಲ್ಲಿ ಮೆಣಸಿನಕಾಯಿಯೊಡನೆ ಜಜ್ಜುತ್ತಿದ್ದರು. ಕ್ರಮವೂ ನಮ್ಮದಕ್ಕೆ ದೂರವಲ್ಲ.

ಹಣ್ಣೂ ಈಗ ದೂರದ್ದಲ್ಲ. ಸುಳ್ಯದಿಂದ ಸಂಪಾಜೆ ಘಾಟಿ ಹತ್ತಿದರೆ ಕೊಡಗು. ಅಲ್ಲಿನ ಕಾಫಿ ತೋಟಗಳಲ್ಲಿ ಈ ಮರ ಬಹುಕಾಲದಿಂದ ಇದೆ; ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿ ಅದರ ತಳಿಗಳ ಬಗ್ಗೆ ಕೆಲಸ ನಡೆದಿದೆ. ಘಟ್ಟದ ಕೆಳಗೂ ಅದು ಇಳಿಯತೊಡಗಿದೆ. ಸಂಪಾಜೆ, ಅರಂತೋಡಿನ ಕಡೆ ಅಡಕೆಗೆ ಹಳದಿ ಎಲೆ ರೋಗ ದಶಕಗಳಿಂದ ಕಾಡುತ್ತಿದೆ. ಅದರ ಮೇಲೆ ಎಲೆಚುಕ್ಕಿ ರೋಗವೂ ಬಂತು. ಹೀಗಾಗಿ ಕೃಷಿಕರು ರಂಬುಟಾನ್, ಮ್ಯಾಂಗೊಸ್ಟೀನ್, ಬೆಣ್ಣೆಹಣ್ಣು ಎಂದು ಹೊಸ ಗಿಡಗಳನ್ನು ನೆಡುತ್ತಿದ್ದಾರೆ. ಬುಡದಲ್ಲಿ ನೀರು ನಿಂತರೆ ಬೆಣ್ಣೆಹಣ್ಣಿನ ಬೇರು ಕೊಳೆಯುತ್ತದೆ. ಇಳಿಜಾರಿನ ಗುಡ್ಡೆಯೇ ಅದಕ್ಕೆ ಹಿತ. ಕಡಬದ ಕಡೆಯ ಕೃಷಿಕರೊಬ್ಬರು ನನಗೆ ಹೇಳಿದರು: “ಮಾಷ್ಟ್ರೇ, ಹಣ್ಣೇನೋ ಆಗುತ್ತದೆ. ಬೆಂಗಳೂರಿಗೆ ಹೋಗುತ್ತದೆ. ಮನೆಯಲ್ಲಿ ಇದನ್ನು ಏನು ಮಾಡುವುದೆಂದು ಯಾರಿಗೂ ಗೊತ್ತಿಲ್ಲ.”

ಆ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ಮೆಕ್ಸಿಕೋದ ಸೀಮೆಯಿಂದ ನಮ್ಮ ಸೀಮೆಗೆ ಬಂದ ನೆಂಟರಲ್ಲಿ ಬೆಣ್ಣೆಹಣ್ಣು ಮೊದಲನೆಯದಲ್ಲ. ಮೊದಲು ಬಂದದ್ದು ಮೆಣಸಿನಕಾಯಿ. 11ನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡುಗೆಯ ವಿಚಾರವಿದೆ. 16ನೆಯ ಶತಮಾನದ ಆರಂಭದ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವೆಂಬ ಗ್ರಂಥವನ್ನೇ ಬರೆದ. ಆ ಅಡುಗೆಮನೆಗಳಿಗೆ ಮೆಣಸಿನಕಾಯಿ ಇನ್ನೂ ಬಂದಿರಲಿಲ್ಲ. ಮೆಣಸು ಎಂದರೆ ಬಳ್ಳಿಯ ಮೆಣಸು ಮಾತ್ರ. ಪೋರ್ಚುಗೀಸರ ಹಡಗುಗಳಲ್ಲಿ ಬಂದ ಕಾಯಿ ನಮ್ಮ ಅರೆಯುವ ಕಲ್ಲನ್ನು ಏರಿತು, ಕೊನೆಗೆ ಹೆಸರನ್ನೂ ಕಸಿದುಕೊಂಡಿತು. ಈ ಊರುಗಳಲ್ಲಿ ಇಂದು ಬರಿದೆ ಮೆಣಸು ಎಂದರೆ ಮೆಣಸಿನಕಾಯಿಯೇ. ಮನೆಯೊಡೆಯನಾಗಿದ್ದ ಬಳ್ಳಿಯ ಮೆಣಸು ‘ಒಳ್ಳೆಮೆಣಸು’ ಎಂಬ ವಿಶೇಷಣ ಕಟ್ಟಿಕೊಂಡು ತನ್ನನ್ನು ಗುರುತಿಸಿಕೊಳ್ಳಬೇಕಾಗಿದೆ.

ಎರಡನೆಯ ನೆಂಟ ಕೊಕ್ಕೋ. 1970ರ ದಶಕದಲ್ಲಿ ಅದು ನಮ್ಮ ಅಡಕೆ ತೋಟಗಳ ನಡುವೆ ಬೇರೂರಿತು. ಆದರೆ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಮಕ್ಕಳು ಬೀಜದ ಮೇಲಿನ ಸಿಹಿ ತಿರುಳನ್ನು ಚೀಪಿದ್ದೇ ಮನೆಗೆ ಸಂದ ಲಾಭ. ಆ ದಶಕದ ಕೊನೆಯಲ್ಲಿ ಬೆಲೆ ಕುಸಿದು ಕೊಳ್ಳುವವರು ಹಿಂದೆ ಸರಿದಾಗ, ರಾಶಿಬಿದ್ದ ಕಾಯಿಯನ್ನು ಏನು ಮಾಡುವುದೆಂದು ಯಾವ ಮನೆಗೂ ತಿಳಿಯಲಿಲ್ಲ. ಎಷ್ಟೋ ಮಂದಿ ಗಿಡಗಳನ್ನೇ ಕಡಿದರು. 1973ರಲ್ಲಿ ಸ್ಥಾಪನೆಯಾಗಿದ್ದ ಕ್ಯಾಂಪ್ಕೊ ಸಹಕಾರಿ ಸಂಸ್ಥೆ ಕೊಕ್ಕೋ ಖರೀದಿಗೆ ಇಳಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆದದ್ದರಿಂದ ಉಳಿದ ಗಿಡಗಳು ಬದುಕಿದವು. ಪ್ರತಿಯೊಂದು ಬೆಳೆಗೂ ಒಂದೊಂದು ಕಾರ್ಖಾನೆ ಹುಟ್ಟೀತೆಂದು ನಂಬುವುದು ಕಷ್ಟ. ಬೆಲೆ ಬಿದ್ದ ವರ್ಷವೂ ಮೆಣಸಿನ ಗಿಡ ಹಿತ್ತಿಲಿನಲ್ಲಿ ಉಳಿಯುತ್ತದೆ. ಮನೆಗೇ ಅದು ಬೇಕು.

ಮೂರನೆಯ ನೆಂಟ ಈಗ ಅಂಗಳದಲ್ಲಿ ನಿಂತಿದ್ದಾನೆ. ಅವನನ್ನು ಒಳಗೆ ಕರೆಯುವ ಬಗೆಯನ್ನು ಹೇಳುತ್ತೇನೆ.

ಈ ಹಣ್ಣು ಮರದಲ್ಲಿ ಹಣ್ಣಾಗುವುದಿಲ್ಲ. ಬಲಿತ ಕಾಯಿಯನ್ನು ಕೊಯ್ದು ತಂದ ಮೇಲೆಯೇ ಮೆತ್ತಗಾಗುತ್ತದೆ. ಬೈಹುಲ್ಲಿನಲ್ಲೋ ಅಕ್ಕಿಯ ಡಬ್ಬಿಯಲ್ಲೋ ಕೆಲವು ದಿನ ಹುದುಗಿಸಿಡಿ. ಪಕ್ಕದಲ್ಲಿ ಒಂದು ಬಾಳೆಹಣ್ಣಿದ್ದರೆ ಇನ್ನೂ ಬೇಗ. ತೊಟ್ಟಿನ ಬಳಿ ಹೆಬ್ಬೆರಳಿನಿಂದ ಮೆಲ್ಲನೆ ಒತ್ತಿದಾಗ ತುಸು ತಗ್ಗಿದರೆ ಹದ ಬಂದಿದೆ. ಅವಸರದಿಂದ ಮೊದಲೇ ಕೊಯ್ದು ಹೋಳುಮಾಡಿದರೆ ಅದು ಮತ್ತೆ ಸರಿಯಾಗಿ ಹಣ್ಣಾಗದು.

ಮಧ್ಯಮ ಗಾತ್ರದ 2 ಹಣ್ಣುಗಳಿಗೆ 3 ಗಾಂಧಾರಿ ಮೆಣಸು, ಅರ್ಧ ಚಮಚ ಉಪ್ಪು, 1 ಲಿಂಬೆ, 1 ಸಣ್ಣ ನೀರುಳ್ಳಿ ಸಾಕು. ಮೊದಲು ಉಪ್ಪು, ಮೆಣಸುಗಳನ್ನು ನುರಿದು, ಅದಕ್ಕೆ ಲಿಂಬೆರಸ ಹಿಂಡಿ. ಆಮೇಲೆ ಹಣ್ಣನ್ನು ಸೀಳಿ, ತಿರುಳನ್ನು ಕೆರೆದು ಆ ರಸಕ್ಕೇ ಹಾಕಿ ಕಿವುಚಿ. ನುಣ್ಣಗೆ ಮಾಡಬೇಡಿ, ಅಲ್ಲಲ್ಲಿ ತುಂಡು ಸಿಕ್ಕಿದರೆ ಹಣ್ಣಿನ ರುಚಿ ತಿಳಿಯುತ್ತದೆ. ಸಣ್ಣಗೆ ಕೊಚ್ಚಿದ ನೀರುಳ್ಳಿಯನ್ನು ಕೊನೆಗೆ ಸೇರಿಸಿ.

ಈ ಅನುಕ್ರಮಕ್ಕೆ ಅರ್ಥವಿದೆ. ಹೆಚ್ಚಿದ ಬಾಳೆಕಾಯಿ ಕಪ್ಪಾಗುವಂತೆಯೇ ಈ ತಿರುಳೂ ಗಾಳಿ ತಾಗಿದೊಡನೆ ಕಂದುತ್ತದೆ. ಬಾಳೆಕಾಯಿಯ ಹೋಳನ್ನು ನಮ್ಮ ತಾಯಂದಿರು ಮಜ್ಜಿಗೆನೀರಿಗೆ ಹಾಕುತ್ತಿದ್ದುದು ಹುಳಿ ಆ ಕಪ್ಪನ್ನು ತಡೆಯುತ್ತದೆಂದು ತಿಳಿದೇ. ಗೊಜ್ಜಿನ ನಡುವೆ ಬೀಜವನ್ನಿಟ್ಟರೆ ಬಣ್ಣ ಕೆಡದೆಂದು ಕೆಲವರು ಹೇಳುತ್ತಾರೆ. ಬೀಜ ಮುಚ್ಚಿದಷ್ಟು ಜಾಗ ಮಾತ್ರ ಹಸಿರಾಗಿ ಉಳಿದೀತು.

ಇನ್ನು ಒಗ್ಗರಣೆ. ಈ ತಿರುಳು ಬಿಸಿಯನ್ನು ಸಹಿಸದು, ಕಾಯಿಸಿದರೆ ಕಹಿಯಾಗುತ್ತದೆ. ಆದ್ದರಿಂದ 1 ಚಮಚ ತೆಂಗಿನೆಣ್ಣೆಯಲ್ಲಿ ಸಾಸಿವೆ, ಕರಿಬೇವು ಸಿಡಿಸಿ, ಆರಿದ ಮೇಲೆ ಸೇರಿಸಿ. ಬೆಲ್ಲ ಬೇಡ. ಕಾಟುಮಾವಿನಲ್ಲಿ ಹುಳಿ ಸಿಹಿಗಳ ಜಗಳ ಬಿಡಿಸಲು ಬೆಲ್ಲ ಬೇಕು. ಇಲ್ಲಿ ಅಂಥ ಜಗಳವಿಲ್ಲ. ಇದರಲ್ಲಿ ಸಕ್ಕರೆ ತೀರ ಕಡಿಮೆ, ಜಿಡ್ಡು ಹೇರಳ. ಜಿಡ್ಡಿಗೆ ಬೇಕಾದುದು ಉಪ್ಪು, ಹುಳಿ, ಖಾರ. ನಮ್ಮ ಪೇಟೆಗಳಲ್ಲಿ ಇದನ್ನು ಹಾಲು ಸಕ್ಕರೆಗಳಲ್ಲಿ ಕದಡಿ ಕೊಡುತ್ತಾರೆ. ಅದೂ ಆಗಬಹುದು, ಆದರೆ ಅದು ಅಂಗಡಿಯ ಪಾನಕ, ಊಟದ ಎಲೆಯ ಪದಾರ್ಥವಲ್ಲ.

ಪರದೇಶದ ಹಣ್ಣಿಗೆ ಸಾಸಿವೆ ಕರಿಬೇವಿನ ವೇಷವೇಕೆ ಎಂದು ಯಾರಾದರೂ ಕೇಳಬಹುದು. ಮೆಕ್ಸಿಕೋದವರ ಇಂದಿನ ಗೊಜ್ಜಿನಲ್ಲಿ ನೀರುಳ್ಳಿ, ಕೊತ್ತಂಬರಿ, ಲಿಂಬೆ ಇವೆ. ಮೂರೂ ಆ ನೆಲದವಲ್ಲ, ಸ್ಪೇನಿನವರ ಮೂಲಕ ಈಚೆಯ ಖಂಡಗಳಿಂದ ಹೋದವು. ಲಿಂಬೆಯ ತವರಂತೂ ಏಷ್ಯಾ. ಅವರು ನಮ್ಮ ಕಡೆಯ ಹುಳಿಯನ್ನು ತಮ್ಮ ಒರಳಿಗೆ ಹಾಕಿಕೊಂಡರು. ನಾವು ಅವರ ಹಣ್ಣಿಗೆ ನಮ್ಮ ಒಗ್ಗರಣೆ ಕೊಟ್ಟರೆ ಲೆಕ್ಕ ಸರಿಹೋಯಿತು. ಮೇಲಾಗಿ ಸಸ್ಯಶಾಸ್ತ್ರದ ಪ್ರಕಾರ ಬೆಣ್ಣೆಹಣ್ಣಿನ ಮರ ದಾಲ್ಚಿನ್ನಿಯ ಕುಟುಂಬಕ್ಕೆ ಸೇರಿದ್ದು. ಸುಬ್ರಹ್ಮಣ್ಯದ ಸುತ್ತಲ ಕಾಡಿನಲ್ಲಿ ಅದರ ದಾಯಾದಿಗಳು ಮೊದಲಿನಿಂದಲೂ ಇದ್ದಾರೆ.

ಈ ಗೊಜ್ಜು ಕುಚ್ಚಲಕ್ಕಿ ಗಂಜಿಗೆ ಆಗುತ್ತದೆ, ನೀರುದೋಸೆಗೂ ಆಗುತ್ತದೆ. ಆದರೆ ಅದಕ್ಕೆ ತಕ್ಕ ಜೊತೆ ಹಲಸಿನ ಹಪ್ಪಳ. ಬೇಸಗೆಯಲ್ಲಿ ಒಣಗಿಸಿಟ್ಟ ಹಪ್ಪಳವನ್ನು ಮಳೆಗಾಲದ ಸಂಜೆ ಕೆಂಡದ ಮೇಲೆ ಸುಟ್ಟು, ಮುರಿದು, ಗೊಜ್ಜಿನಲ್ಲಿ ಅದ್ದಿ ತಿನ್ನಿ. ಮಾಡಿದ್ದನ್ನು ನಾಳೆಗೆ ಇಡಬೇಡಿ. ನಾಲ್ಕು ಹಪ್ಪಳ ಸುಡುವುದರೊಳಗೆ ಹೊಸದಾಗಿ ಕಿವುಚಿಕೊಳ್ಳಬಹುದು.