ಪ್ರೌಢಶಾಲೆಯ ಗೆಳೆಯರ ಗುಂಪು ಮತ್ತು ನಮ್ಮ ಮಕ್ಕಳು
(ಭವಾನಿಪುರಂನಲ್ಲಿ ಸಂಘದ ಸದಸ್ಯರ ಮುಂದೆ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಲ್ಲಿ ಸಮಾಜಶಾಸ್ತ್ರದ ಮಾತೇಕೆ ಎಂದು ತಾವು ಕೇಳಬಹುದು. ವಿಜಯವಾಡದ ಈ ಭಾಗದಲ್ಲಿ ನೆಲೆಸಿದ ನಮ್ಮ ಮನೆಗಳಲ್ಲಿ ಕನ್ನಡ ಉಳಿಯುವುದೋ ಅಳಿಯುವುದೋ ಈ ಸಭೆಯಲ್ಲಿ ತೀರ್ಮಾನವಾಗುವುದಿಲ್ಲ. ಶಾಲೆಯ ಊಟದ ಬಿಡುವಿನಲ್ಲಿ ನಾಲ್ಕಾರು ಮಕ್ಕಳು ಬುತ್ತಿ ಬಿಚ್ಚಿ ಕುಳಿತಿರುತ್ತಾರಲ್ಲ, ಅಲ್ಲಿ ತೀರ್ಮಾನವಾಗುತ್ತದೆ. ಆದುದರಿಂದಲೇ ಈ ವಿಷಯವನ್ನು ಆರಿಸಿಕೊಂಡೆವು.

ಅಮೆರಿಕದ ಚಾರ್ಲ್ಸ್ ಕೂಲಿ ಎಂಬ ವಿದ್ವಾಂಸನು 1909ರ ತನ್ನ ಗ್ರಂಥದಲ್ಲಿ ಮನೆ, ಮಕ್ಕಳ ಆಟದ ಗುಂಪು, ನೆರೆಹೊರೆ ಇವುಗಳನ್ನು ಪ್ರಾಥಮಿಕ ಸಮೂಹಗಳೆಂದು ಕರೆದನು. ಮನುಷ್ಯನ ಸ್ವಭಾವ ಮೊದಲು ರೂಪುಗೊಳ್ಳುವುದು ಇವುಗಳಲ್ಲಿ. 1902ರಲ್ಲಿಯೇ ಅವನು ಇನ್ನೊಂದು ಮಾತನ್ನು ಹೇಳಿದ್ದನು: ಇತರರ ಕಣ್ಣಿಗೆ ನಾವು ಹೇಗೆ ಕಾಣುವೆವೆಂದು ಊಹಿಸಿ, ಅದರಂತೆ ಹೆಮ್ಮೆಯನ್ನೋ ನಾಚಿಕೆಯನ್ನೋ ಪಡುತ್ತೇವೆ, ಇತರರೇ ನಮಗೆ ಕನ್ನಡಿ.

ಜೇಮ್ಸ್ ಕೋಲ್ಮನ್ ಇಲಿನಾಯ್ ರಾಜ್ಯದ ಹತ್ತು ಪ್ರೌಢಶಾಲೆಗಳನ್ನು ಪರಿಶೀಲಿಸಿ 1961ರಲ್ಲಿ ಗ್ರಂಥ ಪ್ರಕಟಿಸಿದನು. ಶಾಲೆಯೊಳಗೆ ಮಕ್ಕಳದೇ ಒಂದು ಸಮಾಜವಿದೆ. ಅಲ್ಲಿ ಯಾರಿಗೆ ಮರ್ಯಾದೆ ಸಲ್ಲಬೇಕೆಂಬುದನ್ನು ಬಹುಮಟ್ಟಿಗೆ ಅವರೇ ಗೊತ್ತುಮಾಡುತ್ತಾರೆ ಎಂಬುದು ಅವನ ಸಿದ್ಧಾಂತ. ಅಲ್ಲಿನ ಹುಡುಗರಲ್ಲಿ ಓದುವವನಿಗಿಂತ ಆಟಗಾರನಿಗೆ ಮನ್ನಣೆ ಹೆಚ್ಚು. ನಮ್ಮಲ್ಲಿ ಅಂಕಗಳಿಗೆ ಬೆಲೆ ಇದ್ದೀತು. ಆದರೂ ಪಕ್ಕದಲ್ಲಿ ಯಾರನ್ನು ಕೂರಿಸಿಕೊಳ್ಳಬೇಕೆಂಬುದನ್ನು ಅಂಕಪಟ್ಟಿ ಹೇಳಲಾರದು.

ನಮ್ಮ ಮನೆಯ ಹುಡುಗನ ಸಂಗತಿಯನ್ನೇ ಹೇಳುತ್ತೇವೆ. ಅವನು ಇಲ್ಲಿ ಎಂಟನೆಯ ತರಗತಿಗೆ ಸೇರಿದ ಹೊಸತು. ಊಟದ ಹೊತ್ತಿನಲ್ಲಿ 'ಮಜ್ಜಿಗೆ' ಎಂದನಂತೆ. ತೆಲುಗಿನಲ್ಲಿ ಅದು 'ಮಜ್ಜಿಗ'. ಹುಡುಗರು ನಕ್ಕರು. ಅಂದಿನಿಂದ ಶಾಲೆಯ ಬಾಗಿಲಲ್ಲಿ ತಾಯಿಯೊಡನೆ ಕನ್ನಡವಾಡಲು ಒಲ್ಲೆನೆಂದನು. ನಮಗೆ ಕೋಪ ಬಂದಿತು. ಕೆಲವು ತಿಂಗಳು ಕಳೆದ ಮೇಲೆ ನಮ್ಮವರ ಸಂತರ್ಪಣೆಯ ಪಂಕ್ತಿಯಲ್ಲಿ ಅದೇ ಹುಡುಗ 'ಮಜ್ಜಿಗ ಹಾಕಿ' ಎಂದನು. ಈ ಬಾರಿ ನಕ್ಕವರು ನಾವು. ಒಂದು ಅಕ್ಷರದ ಕೊನೆಯ ಸ್ವರಕ್ಕಾಗಿ ಎರಡು ಕನ್ನಡಿಗಳಲ್ಲಿಯೂ ಮಗುವಿಗೆ ತನ್ನ ಮುಖ ಸೊಟ್ಟಗೆ ಕಂಡಿತು. ಶಾಲೆಯ ಹುಡುಗರನ್ನು ದೂರುವ ಅಧಿಕಾರ ನಮಗೆ ಆಗಲೇ ತಪ್ಪಿತು.

ಪರಿಹಾರವೇನು? 1954ರಲ್ಲಿ ಮುಜಫರ್ ಷೆರೀಫ್ ಒಕ್ಲಹೋಮದ ಶಿಬಿರವೊಂದರಲ್ಲಿ ಹನ್ನೊಂದರ ಆಸುಪಾಸಿನ ಹುಡುಗರನ್ನು ಎರಡು ಗುಂಪು ಮಾಡಿದನು. ಪಂದ್ಯಗಳಿಂದ ಹಗೆ ಬೆಳೆಯಿತು. ಒಟ್ಟಿಗೆ ಉಣಿಸಿದರೂ, ಸಿನಿಮಾ ತೋರಿಸಿದರೂ ಅದು ಕರಗಲಿಲ್ಲ. ಶಿಬಿರಕ್ಕೆ ನೀರು ನಿಂತಾಗ, ಅಂತಹುದೇ ಬೇರೆ ತೊಡಕುಗಳು ಬಂದಾಗ, ಎರಡು ಗುಂಪೂ ಕೂಡಿ ದುಡಿಯಬೇಕಾಯಿತು. ಹಗೆ ಕ್ರಮೇಣ ಇಳಿಯಿತು.

2024ರ ಸೆಪ್ಟೆಂಬರಿನಲ್ಲಿ ಬುಡಮೇರು ಉಕ್ಕಿ ಈ ನಗರದ ಹಲವು ಬಡಾವಣೆಗಳು ಮುಳುಗಿದಾಗ ನಾವು ಇದನ್ನು ಕಣ್ಣಾರೆ ಕಂಡೆವು. ನಮ್ಮ ಹುಡುಗನೂ ಅವನ ಸಹಪಾಠಿಗಳೂ ನಮ್ಮ ಅಡುಗೆಮನೆಯಲ್ಲಿ ಕುಳಿತು ಅನ್ನದ ಪೊಟ್ಟಣ ಕಟ್ಟಿದರು. ತಾಯಿ 'ಪುಳಿಯೋಗರೆ' ಎಂದಳು, ಹುಡುಗರು 'ಪುಲಿಹೋರ' ಎಂದರು. ಯಾರೂ ನಗಲಿಲ್ಲ, ನಗಲು ಪುರಸೊತ್ತಿರಲಿಲ್ಲ. ಒಂದು ಮನೆಯ ಅನುಭವದಿಂದ ಸಿದ್ಧಾಂತ ಸ್ಥಾಪಿತವಾಗದು, ನಿಜ. ಆದರೆ ಆ ಹುಡುಗರು ಈಗಲೂ ನಮ್ಮ ಮನೆಗೆ ಬರುತ್ತಾರೆ. ಅವರೆದುರಿಗೇ ಅವನು ತಾಯಿಯನ್ನು ಕನ್ನಡದಲ್ಲಿ ಕೂಗುತ್ತಾನೆ.

ವಿಶಾಲ ಮೈಸೂರು ರಾಜ್ಯವೂ ಆಂಧ್ರಪ್ರದೇಶವೂ ಉದಿಸಿದ್ದು ಒಂದೇ ದಿನ, 1956ರ ನವೆಂಬರ್ 1ರಂದು. ನಮ್ಮ ನಾಡನ್ನು ಹಾದು ಬಂದ ಕೃಷ್ಣೆಯೇ ಇಲ್ಲಿಯೂ ಹರಿಯುತ್ತಾಳೆ. ಆದುದರಿಂದ ನಮ್ಮ ಬಿನ್ನಹ ಎರಡು: ಮುಂದಿನ ನಾಟಕಕ್ಕೆ ಮಕ್ಕಳು ತಮ್ಮ ತೆಲುಗು ಗೆಳೆಯರನ್ನೂ ಕರೆತರಲಿ, ಪರದೆ ಕಟ್ಟುವ ಕೆಲಸದಲ್ಲಿಯೂ ಕೂಡಿಸಿಕೊಳ್ಳಲಿ. ಎರಡನೆಯದು ನಮಗೆ, ಹಿರಿಯರಿಗೆ: ನಮ್ಮ ಪಂಕ್ತಿಯಲ್ಲಿ ಯಾವ ಮಗುವಾದರೂ 'ಮಜ್ಜಿಗ' ಎಂದರೆ ನಗದೆ ಬಡಿಸೋಣ.